ಎಕ್ಸ್‌ಪೋರ್ಟ್ ಮಾಡಿದ ಜಾವಾ_ಹೋಮ್ ಮುಂದಿನ ಟರ್ಮಿನಲ್‌ಗೆ ಬರಲ್ಲ, ಎಕ್ಲಿಪ್ಸ್‌ಗೂ ಕಾಣಲ್ಲ. ಯಾವ ಫೈಲ್‌ಗೆ ಹಾಕೋದು?

ಹೊಸಹಾದಿ

ಉಬುಂಟು 24.04, ಶೆಲ್ ಬ್ಯಾಶ್, ಓಪನ್‌ಜೆಡಿಕೆ 17. ಜಾವಾ_ಹೋಮ್ ಅಂದರೆ ಜಾವಾ ಎಲ್ಲಿದೆ ಅಂತ ಹೇಳೋ ವೇರಿಯಬಲ್. ಟರ್ಮಿನಲ್‌ನಲ್ಲಿ ಇದನ್ನ ಕೊಟ್ಟರೆ ಮೇವನ್ (ಜಾವಾ ಬಿಲ್ಡ್ ಟೂಲ್) ಸರಿಯಾಗಿ ಓಡುತ್ತೆ:

ಎಕ್ಸ್‌ಪೋರ್ಟ್ ಜಾವಾ_ಹೋಮ್=/ಯುಎಸ್‌ಆರ್/ಲಿಬ್/ಜೆವಿಎಂ/ಜಾವಾ-17-ಓಪನ್‌ಜೆಡಿಕೆ-ಎಎಂಡಿ64

ಇನ್ನೊಂದು ಟರ್ಮಿನಲ್ ತೆಗೆದರೆ ಖಾಲಿ. ಇದೇ ಸಾಲನ್ನ ಸೆಟ್.ಎಸ್‌ಎಚ್ ಅಂತ ಸ್ಕ್ರಿಪ್ಟ್‌ನಲ್ಲಿಟ್ಟು ಓಡಿಸಿದರೂ, ಸ್ಕ್ರಿಪ್ಟ್ ಮುಗಿದ ಕೂಡಲೇ ಖಾಲಿ. .ಬ್ಯಾಶ್‌ಆರ್‌ಸಿ ಕೊನೆಗೆ ಹಾಕಿದ ಮೇಲೆ ಎಲ್ಲ ಟರ್ಮಿನಲ್‌ಗಳಲ್ಲೂ ಬರ್ತಿದೆ. ಆದರೆ ಡಾಕ್‌ನಲ್ಲಿರೋ ಐಕಾನ್ ಒತ್ತಿ ತೆರೆದ ಎಕ್ಲಿಪ್ಸ್‌ಗೆ (ಕೋಡ್ ಬರೆಯೋ ಪ್ರೋಗ್ರಾಮ್) ಮಾತ್ರ ಕಾಣ್ತಿಲ್ಲ. ಹುಡುಕಿದ ಕಡೆಯಲ್ಲೆಲ್ಲ ಒಬ್ಬೊಬ್ಬರು ಒಂದೊಂದು ಫೈಲ್ ಹೇಳ್ತಾರೆ: .ಪ್ರೊಫೈಲ್, .ಬ್ಯಾಶ್_ಪ್ರೊಫೈಲ್, /ಇಟಿಸಿ/ಎನ್ವಿರಾನ್‌ಮೆಂಟ್. ಯಾವುದು ಸರಿ, ಯಾಕೆ ಸರಿ, ಯಾರಾದ್ರೂ ಬಿಡಿಸಿ ಹೇಳ್ತೀರಾ?

ಕಮಾಂಡ್, ಫೈಲ್ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಹಾಕಿದ್ದೀನಿ. ಉತ್ತರ ಕೊಡೋರೂ ಹಾಗೇ ಹಾಕಿ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸ್ಕೊಳ್ತೀನಿ.

ಶೆಲ್ಲಪ್ಪ

ಹೋಮ್ ಫೋಲ್ಡರ್‌ನ .ಪ್ರೊಫೈಲ್ ಕೊನೆಗೆ ಹಾಕಿ, ಲಾಗ್ ಔಟ್ ಆಗಿ ಬನ್ನಿ. ಅಷ್ಟೇ.

ಬೇರುಮಟ್ಟ

> ಅಷ್ಟೇ.

ಉತ್ತರ ಸರಿ. ಆದರೆ ಅವರು ‘ಯಾಕೆ’ ಅಂತಲೂ ಕೇಳಿದ್ದಾರಲ್ಲ ಸ್ವಾಮಿ.

ಎನ್ವಿರಾನ್‌ಮೆಂಟ್ ಅಂದರೆ ಇಡೀ ಸಿಸ್ಟಮ್‌ಗೆ ಒಂದೇ ಇರೋ ಜಾಗ ಅಂದ್ಕೊಂಡಿರೋದ್ರಿಂದಲೇ ಅರ್ಧ ಗೊಂದಲ. ಪ್ರತಿ ಪ್ರೋಸೆಸ್‌ಗೂ ಅದರದ್ದೇ ಪಟ್ಟಿ ಇರುತ್ತೆ, ಹೆಸರು=ವ್ಯಾಲ್ಯೂ ಅನ್ನೋ ಸಾಲುಗಳು. ಒಂದು ಪ್ರೋಸೆಸ್ ಇನ್ನೊಂದನ್ನ ಹುಟ್ಟಿಸುವಾಗ ತನ್ನ ಪಟ್ಟಿಯ ಜೆರಾಕ್ಸ್ ಕೊಟ್ಟು ಕಳಿಸುತ್ತೆ. ಕರ್ನಲ್‌ನಲ್ಲಿ ಎಕ್ಸೆಕ್‌ವಿಇ ಅನ್ನೋ ಕರೆಯ ಮೂರನೇ ಆರ್ಗ್ಯುಮೆಂಟ್ ಇದೇ. ಮಗು ತನ್ನ ಪ್ರತಿಯಲ್ಲಿ ಏನು ಗೀಚಿದರೂ ಅಪ್ಪನದ್ದು ಬದಲಾಗಲ್ಲ. ಅಪ್ಪ ಆಮೇಲೆ ತಿದ್ದಿದರೂ ಆಗಲೇ ಓಡ್ತಿರೋ ಮಗುವಿಗೆ ತಲುಪಲ್ಲ.

ಈಗ ನಿಮ್ಮ ಮೂರೂ ತೊಂದರೆ ನೋಡಿ.

ಎರಡನೇ ಟರ್ಮಿನಲ್ ಮೊದಲನೇದರ ಮಗು ಅಲ್ಲ. ಎರಡನ್ನೂ ಹುಟ್ಟಿಸಿದ್ದು ಡೆಸ್ಕ್‌ಟಾಪ್ ಸೆಷನ್. ಹಾಗಾಗಿ ಮೊದಲನೇದರಲ್ಲಿ ಮಾಡಿದ ಎಕ್ಸ್‌ಪೋರ್ಟ್ ಎರಡನೇದಕ್ಕೆ ಹೋಗೋಕೆ ದಾರಿಯೇ ಇಲ್ಲ.

./ಸೆಟ್.ಎಸ್‌ಎಚ್ ಅಂತ ಓಡಿಸಿದರೆ ಹೊಸ ಶೆಲ್ ಹುಟ್ಟಿ, ಅದರಲ್ಲಿ ವೇರಿಯಬಲ್ ಸೆಟ್ ಆಗಿ, ಆ ಶೆಲ್ ಸತ್ತಾಗ ಅದೂ ಹೋಗುತ್ತೆ. ಈಗಿನ ಶೆಲ್‌ನಲ್ಲೇ ಆಗಬೇಕಾದರೆ ಮುಂದೆ ಒಂದು ಚುಕ್ಕೆ, ಒಂದು ಸ್ಪೇಸ್:

. ./ಸೆಟ್.ಎಸ್‌ಎಚ್

ಬ್ಯಾಶ್‌ನಲ್ಲಿ ‘ಸೋರ್ಸ್’ ಅಂದರೂ ಅದೇ. ಆದರೆ ಉಬುಂಟುವಿನ /ಬಿನ್/ಎಸ್‌ಎಚ್ ಅಂದರೆ ಡ್ಯಾಶ್ ಅನ್ನೋ ಬೇರೆ ಶೆಲ್ (6.10ರಿಂದ, ಅಂದರೆ 2006ರಿಂದ). ಅದಕ್ಕೆ ‘ಸೋರ್ಸ್’ ಗೊತ್ತಿಲ್ಲ, ಚುಕ್ಕೆ ಗೊತ್ತು. ಚುಕ್ಕೆಯನ್ನೇ ರೂಢಿ ಮಾಡ್ಕೊಳ್ಳಿ.

ಎಕ್ಲಿಪ್ಸ್ ವಿಷಯ ಸ್ವಲ್ಪ ಮಜವಾಗಿದೆ. ಉಬುಂಟು ಕೊಡೋ .ಪ್ರೊಫೈಲ್ ಒಳಗೇ ‘ಓದ್ತಿರೋದು ಬ್ಯಾಶ್ ಆದರೆ .ಬ್ಯಾಶ್‌ಆರ್‌ಸಿಯನ್ನೂ ಓದು’ ಅಂತ ಸಾಲಿದೆ. ಹಾಗಿದ್ರೆ ಬರಬೇಕಿತ್ತಲ್ಲ? .ಬ್ಯಾಶ್‌ಆರ್‌ಸಿಯ ಮೊದಲ ಹತ್ತು ಸಾಲಿನೊಳಗೆ ಹೀಗಿರುತ್ತೆ ನೋಡಿ:

ಕೇಸ್ $- ಇನ್
*ಐ*) ;;
*) ರಿಟರ್ನ್;;
ಎಸ್ಯಾಕ್

ಇದು ‘ಎದುರಿಗೆ ಮನುಷ್ಯ ಕೂತು ಟೈಪ್ ಮಾಡ್ತಿಲ್ಲ ಅಂದರೆ ಇಲ್ಲಿಂದಲೇ ವಾಪಸ್’ ಅನ್ನೋ ಕಾವಲು. ಲಾಗಿನ್ ಆಗುವಾಗ ಡೆಸ್ಕ್‌ಟಾಪ್ ಶುರು ಮಾಡೋ ಶೆಲ್ ಇಂಟರಾಕ್ಟಿವ್ ಅಲ್ಲ. ಹಾಗಾಗಿ ಫೈಲ್ ಕೊನೆಯಲ್ಲಿರೋ ನಿಮ್ಮ ಸಾಲಿನ ತನಕ ಅದು ಬರೋದೇ ಇಲ್ಲ. ಟರ್ಮಿನಲ್ ಒಳಗಿನ ಶೆಲ್ ಇಂಟರಾಕ್ಟಿವ್, ಅದು ಪೂರ್ತಿ ಓದುತ್ತೆ. ಎಕ್ಲಿಪ್ಸ್‌ನ ಹುಟ್ಟಿಸೋದು ಡೆಸ್ಕ್‌ಟಾಪ್, ಟರ್ಮಿನಲ್ ಅಲ್ಲ.

ಯಾವುದಾದರೂ ವೇರಿಯಬಲ್ ಕಾಣ್ತಿಲ್ಲ ಅಂದಾಗ ಫೈಲ್ ಹುಡುಕೋಕೆ ಮೊದಲು, ಆ ಪ್ರೋಗ್ರಾಮ್‌ನ ಶುರು ಮಾಡಿದ್ದು ಯಾರು ಅಂತ ಕೇಳ್ಕೊಳ್ಳಿ.

ಬಡಗಣ

ಬೇರುಮಟ್ಟ ಅವರು ಛಲೋ ಹೇಳ್ಯಾರ. ಒಂದು ಸೇರಸ್ತೀನಿ. .ಪ್ರೊಫೈಲ್‌ನಾಗ ಹಾಕೂದಕ್ಕ ಮೊದ್ಲ ಹೋಮ್‌ನಾಗ .ಬ್ಯಾಶ್_ಪ್ರೊಫೈಲ್ ಅಥವಾ .ಬ್ಯಾಶ್_ಲಾಗಿನ್ ಐತೇನ ನೋಡ್ರಿ:

ಎಲ್‌ಎಸ್ -ಎ ~

ಲಾಗಿನ್ ಬ್ಯಾಶ್ ಮೊದ್ಲ /ಇಟಿಸಿ/ಪ್ರೊಫೈಲ್ ಓದತೈತಿ. ಆಮ್ಯಾಲೆ .ಬ್ಯಾಶ್_ಪ್ರೊಫೈಲ್, .ಬ್ಯಾಶ್_ಲಾಗಿನ್, .ಪ್ರೊಫೈಲ್, ಈ ಸಾಲಿನಾಗ ಮೊದ್ಲ ಸಿಕ್ಕಿದ್ದು ಒಂದ ಒಂದನ್ನ ಓದಿ ಉಳಿದಿದ್ದನ್ನ ಮುಟ್ಟಂಗಿಲ್ಲ. ಯಾವುದೋ ಇನ್‌ಸ್ಟಾಲರ್ ನಿಮಗ ಹೇಳದ .ಬ್ಯಾಶ್_ಪ್ರೊಫೈಲ್ ಹುಟ್ಟಿಸಿ ಹೋಗಿದ್ರ, .ಪ್ರೊಫೈಲ್ ಅಲ್ಲೇ ಸುಮ್ನ ಬಿದ್ದಿರತೈತಿ. ಎರಡೂ ಬೇಕಂದ್ರ .ಬ್ಯಾಶ್_ಪ್ರೊಫೈಲ್ ತುದಿಗೆ ಇದನ್ನ ಹಾಕ್ರಿ:

. ~/.ಪ್ರೊಫೈಲ್

ಶೆಲ್ಲಪ್ಪ

ಇನ್ನೊಂದು. .ಪ್ರೊಫೈಲ್ ಒಳಗೆ ಬ್ಯಾಶ್‌ನ ವಿಶೇಷ ಆಟಗಳು ಬೇಡ: ಎರಡೆರಡು ಚೌಕ ಆವರಣ, ಅರೇ, ‘ಸೋರ್ಸ್’. ಎಕ್ಸ್11 (ಹಳೇ ಬಗೆಯ ಡೆಸ್ಕ್‌ಟಾಪ್ ಪರದೆ ವ್ಯವಸ್ಥೆ) ಸೆಷನ್‌ನಲ್ಲಿ ಅದನ್ನ ಓದೋದು ಡ್ಯಾಶ್. ‘ಎಕ್ಸಿಟ್’ ಅಂತೂ ಬರೀಲೇಬೇಡಿ. ಪಾಸ್‌ವರ್ಡ್ ಕೊಟ್ಟ ತಕ್ಷಣ ಮತ್ತೆ ಲಾಗಿನ್ ಪರದೆಗೇ ಬಂದು ನಿಲ್ತೀರಿ. ಕಂಟ್ರೋಲ್+ಆಲ್ಟ್+ಎಫ್3 ಒತ್ತಿ ಕಪ್ಪು ಪರದೆಗೆ ಹೋದರೂ ಅಲ್ಲೂ ಲಾಗಿನ್ ಶೆಲ್, ಅದೇ ಫೈಲ್, ಅದೇ ‘ಎಕ್ಸಿಟ್’.

ಅರಬ್ಬಿಕಡಲು

ಹಾಗೆ ಸಿಕ್ಕಿಹಾಕಿಕೊಂಡವರಿಗೆ ಒಂದು ದಾರಿ ಉಂಟು ಮಾರಾಯ್ರೆ. ಆ ಮೆಷಿನ್‌ನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ) ಸರ್ವರ್ ಇದ್ದರೆ ಬೇರೆ ಕಡೆಯಿಂದ ಕಮಾಂಡ್ ಸಮೇತ ಒಳಗೆ ಹೋಗಿ:

ಎಸ್‌ಎಸ್‌ಎಚ್ ಯೂಸರ್@ಮೆಷಿನ್ 'ಎಂವಿ .ಪ್ರೊಫೈಲ್ .ಪ್ರೊಫೈಲ್.ಹಳೇದು'

ಕಮಾಂಡ್ ಜೊತೆಗೆ ಕೊಟ್ಟಾಗ ಲಾಗಿನ್ ಶೆಲ್ ಆಗುವುದಿಲ್ಲ, .ಪ್ರೊಫೈಲ್ ಓದುವುದಿಲ್ಲ. ಎಸ್‌ಎಸ್‌ಎಚ್ ಇಲ್ಲದಿದ್ದರೆ ರಿಕವರಿ ಮೋಡ್, ರೂಟ್ ಶೆಲ್, ಅಲ್ಲಿಂದ ಫೈಲ್ ಸರಿ ಮಾಡುವುದು.

ಕಣಜ

ಇಷ್ಟೆಲ್ಲ ಯಾಕೆ? /ಇಟಿಸಿ/ಎನ್ವಿರಾನ್‌ಮೆಂಟ್‌ಗೆ ಹಾಕಿದ್ರೆ ಎಲ್ಲರಿಗೂ, ಎಲ್ಲ ಕಡೆಗೂ ಸಿಗುತ್ತೆ. ಯಾವ ಶೆಲ್ ಅನ್ನೋ ತಲೆನೋವೇ ಇಲ್ಲ.

ಬೇರುಮಟ್ಟ

@ಕಣಜ ‘ಎಲ್ಲ ಕಡೆಗೂ’ ಅನ್ನೋದು ಜಾಸ್ತಿ ಆಯ್ತು. ಆ ಫೈಲ್‌ನ ಓದೋದು ಲಾಗಿನ್ ವ್ಯವಸ್ಥೆಯ ಭಾಗವಾದ ಪ್ಯಾಮ್_ಎನ್ವ್, ಲಾಗಿನ್ ಆಗುವ ಹೊತ್ತಿಗೆ. ಸಿಸ್ಟಮ್‌ಡಿ ಹಿನ್ನೆಲೆಯಲ್ಲಿ ಶುರು ಮಾಡೋ ಸರ್ವಿಸ್‌ಗಳು ಲಾಗಿನ್ ಆಗಲ್ಲ, ಅವಕ್ಕೆ ಸಿಗಲ್ಲ. ಜೊತೆಗೆ ಅದು ಸ್ಕ್ರಿಪ್ಟ್ ಅಲ್ಲ. ‘ಎಕ್ಸ್‌ಪೋರ್ಟ್’ ಬೇಡ, $ಹೋಮ್ ಬಿಡಿಸಲ್ಲ (ಅಂದರೆ ಅದರ ಜಾಗದಲ್ಲಿ ವ್ಯಾಲ್ಯೂ ಹಾಕಲ್ಲ), $ಪಾತ್ (ಕಮಾಂಡ್ ಹುಡುಕೋ ಫೋಲ್ಡರ್‌ಗಳ ಪಟ್ಟಿ) ಬಿಡಿಸಲ್ಲ. ಅಲ್ಲಿ ಹೀಗೆ ಬರೆದ್ರೆ

ಪಾತ್="$ಪಾತ್:/ಆಪ್ಟ್/ಟೂಲ್/ಬಿನ್"

ಡಾಲರ್ ಚಿಹ್ನೆ ಸಮೇತ ಆ ಅಕ್ಷರಗಳೇ ಪಾತ್ ಒಳಗೆ ಕೂತು, ಮುಂದಿನ ಲಾಗಿನ್‌ನಲ್ಲಿ ಎಲ್‌ಎಸ್ ಕೂಡ ಸಿಗದೆ ಹೋಗಬಹುದು. ಅದೂ ಒಬ್ಬರಿಗಲ್ಲ, ಮೆಷಿನ್‌ನಲ್ಲಿರೋ ಎಲ್ಲ ಯೂಸರ್‌ಗಳಿಗೂ.

ಕಣಜ

ಪಾತ್ ಅಲ್ಲಿ ಹಾಕಿ ಅಂತ ನಾನು ಹೇಳಿಲ್ಲ. ಜಾವಾ_ಹೋಮ್ ಥರ ಬದಲಾಗದ, ಡಾಲರ್ ಇಲ್ಲದ ವ್ಯಾಲ್ಯೂಗೆ ಅದಕ್ಕಿಂತ ಸರಳ ಜಾಗ ಇಲ್ಲ. ಶೆಲ್ ಬ್ಯಾಶ್ ಇರಲಿ, ಜೆಡ್‌ಶೆಲ್ ಇರಲಿ, ಫಿಶ್ ಇರಲಿ, ಕೆಲಸ ಮಾಡುತ್ತೆ. ನಾಲ್ಕು ಜನ ಬಳಸೋ ಲ್ಯಾಬ್ ಮೆಷಿನ್‌ಗೆ ಅದೇ ಸರಿ.

ಶೆಲ್ಲಪ್ಪ

ಲ್ಯಾಬ್ ಮೆಷಿನ್‌ಗೆ /ಇಟಿಸಿ/ಪ್ರೊಫೈಲ್.ಡಿ ಒಳಗೆ ಒಂದು .ಎಸ್‌ಎಚ್ ಫೈಲ್ ಇಡಿ. ಬೇಡ ಅಂದಾಗ ಆ ಫೈಲ್ ಅಳಿಸಿದ್ರೆ ಮುಗೀತು.

ಕಣಜ

ಜೆಡ್‌ಶೆಲ್ ಅದನ್ನ ತಾನಾಗಿ ಓದಲ್ಲ.

ಶೆಲ್ಲಪ್ಪ

ಲ್ಯಾಬ್‌ನಲ್ಲಿ ಜೆಡ್‌ಶೆಲ್ ಯಾರು ಕೇಳಿದ್ರು?

ಎಣ್ಣೆದೀಪ

ಜಗಳದ ಮಧ್ಯೆ ಮೂಲಪಾಠ ಬಿಟ್ಟುಹೋಯ್ತು. ಹೊಸಬರು ಮೊದಲ ದಿನವೇ ಬೀಳೋ ಗುಂಡಿಗಳು:

ಸಮ ಚಿಹ್ನೆಯ ಆಚೀಚೆ ಸ್ಪೇಸ್ ಇರಬಾರದು. ‘ಹೆಸರು = ಮೈಸೂರು’ ಅಂತ ಕೊಟ್ಟರೆ ಶೆಲ್ ‘ಹೆಸರು’ ಅನ್ನೋದನ್ನ ಕಮಾಂಡ್ ಅಂದ್ಕೊಂಡು ‘ಕಮಾಂಡ್ ನಾಟ್ ಫೌಂಡ್’ ಅನ್ನುತ್ತೆ. ವ್ಯಾಲ್ಯೂ ಒಳಗೆ ಸ್ಪೇಸ್ ಇದ್ದರೆ ಕೋಟ್ ಹಾಕಿ. ಜೋಡಿ ಕೋಟ್ ಒಳಗೆ $ಹೆಸರು ಬಿಡಿಸುತ್ತೆ, ಒಂಟಿ ಕೋಟ್ ಒಳಗೆ ಬಿಡಿಸಲ್ಲ. ಹೆಸರಿನಲ್ಲಿ ಅಕ್ಷರ, ಅಂಕಿ, ಕೆಳಗೀಟು ಮಾತ್ರ, ಅಂಕಿಯಿಂದ ಶುರು ಆಗಬಾರದು, ಹೈಫನ್ ಆಗಲ್ಲ. ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ. ಜಾವಾ_ಹೋಮ್, ಪಾತ್, ಹೋಮ್ ಎಲ್ಲ ದೊಡ್ಡಕ್ಷರದಲ್ಲೇ.

ಆಮೇಲೆ, ಎಕ್ಸ್‌ಪೋರ್ಟ್ ಇಲ್ಲದೆ ಬರೀ ಹೆಸರು=ವ್ಯಾಲ್ಯೂ ಅಂತ ಕೊಟ್ಟರೆ ಅದು ಆ ಶೆಲ್‌ನ ಸ್ವಂತ ವೇರಿಯಬಲ್ ಅಷ್ಟೇ, ಮಕ್ಕಳಿಗೆ ಹೋಗಲ್ಲ. ‘ಎಕೋ $ಹೆಸರು’ ಎರಡನ್ನೂ ತೋರಿಸೋದ್ರಿಂದ ಎಕೋ ನಂಬಿ ಮೋಸ ಹೋಗ್ತಾರೆ. ನಿಜ ಗೊತ್ತಾಗಬೇಕಾದರೆ ‘ಪ್ರಿಂಟ್‌ಎನ್ವ್ ಹೆಸರು’ ಕೊಡಿ, ಡಾಲರ್ ಇಲ್ಲದೆ. ಏನೂ ಬರಲಿಲ್ಲ ಅಂದರೆ ಎಕ್ಸ್‌ಪೋರ್ಟ್ ಆಗಿಲ್ಲ.

ಅರಬ್ಬಿಕಡಲು

ಪ್ರಿಂಟ್‌ಎನ್ವ್ ಬದಲು ಇದೂ ಆಗ್ತದೆ:

ಬ್ಯಾಶ್ -ಸಿ 'ಎಕೋ $ಹೆಸರು'

ಒಂಟಿ ಕೋಟ್ ಮುಖ್ಯ. ಜೋಡಿ ಕೋಟ್ ಹಾಕಿದರೆ ಹೊರಗಿನ ಶೆಲ್ಲೇ ಬಿಡಿಸಿ ಕೊಡ್ತದೆ, ಪರೀಕ್ಷೆ ಸುಳ್ಳಾಗ್ತದೆ.

ನೀಲಿಶಾಯಿ

ಜಾವಾ_ಹೋಮ್‌ಗೆ /ಬಿನ್ ಸೇರಿಸಬೇಡಿ. ಮೇವನ್ ತಾನೇ ಅದರ ಕೊನೆಗೆ /ಬಿನ್/ಜಾವಾ ಅಂಟಿಸಿ ಹುಡುಕುತ್ತೆ. ನೀವೂ ಸೇರಿಸಿದರೆ ಬಿನ್/ಬಿನ್ ಆಗಿ ‘ಜಾವಾ_ಹೋಮ್ ಸರಿಯಾಗಿಲ್ಲ’ ಅನ್ನೋ ಎರರ್. ಸರಿಯಾದ ಜಾಗ ಗೊತ್ತಿಲ್ಲದಿದ್ದರೆ:

ರೀಡ್‌ಲಿಂಕ್ -ಎಫ್ "$(ಕಮಾಂಡ್ -ವಿ ಜಾವಾ)"

ಬಂದದ್ದರ ತುದಿಯ /ಬಿನ್/ಜಾವಾ ಕತ್ತರಿಸಿ. ಇನ್ನೊಂದು ಸಾಮಾನ್ಯ ಗೊಂದಲ: ‘ಅಪ್‌ಡೇಟ್-ಆಲ್ಟರ್ನೇಟಿವ್ಸ್ --ಕಾನ್ಫಿಗ್ ಜಾವಾ’ ಕೊಟ್ಟು 21ಕ್ಕೆ ಬದಲಾಯಿಸಿದ್ರೂ ಮೇವನ್ 17ರಲ್ಲೇ ಓಡುತ್ತೆ. ಯಾಕಂದ್ರೆ ಆ ಕಮಾಂಡ್ ಜಾವಾ_ಹೋಮ್ ಮುಟ್ಟಲ್ಲ, ಮೇವನ್ ನೋಡೋದು ಅದನ್ನೇ. ‘ಎಂವಿಎನ್ -ವಿ’ ಕೊಟ್ಟರೆ ಯಾವ ಜಾವಾ ಹಿಡಿದಿದೆ ಅಂತ ಹೇಳುತ್ತೆ.

ಹೊಸಹಾದಿ

.ಪ್ರೊಫೈಲ್‌ಗೆ ಹಾಕಿ ಲಾಗ್ ಔಟ್ ಆಗಿ ಬಂದೆ, ಎಕ್ಲಿಪ್ಸ್‌ಗೂ ಸಿಕ್ತು. .ಬ್ಯಾಶ್_ಪ್ರೊಫೈಲ್ ಇರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಹಾಗೇ ಪಾತ್ ಬಗ್ಗೆಯೂ ಹೇಳಿ. ಹೋಮ್ ಒಳಗೆ ‘ಟೂಲ್ಸ್/ಬಿನ್’ ಅಂತ ಫೋಲ್ಡರ್ ಇದೆ. ಹೀಗೆ ಹಾಕಿದ್ದೀನಿ:

ಎಕ್ಸ್‌ಪೋರ್ಟ್ ಪಾತ್="~/ಟೂಲ್ಸ್/ಬಿನ್:$ಪಾತ್"

ಟರ್ಮಿನಲ್‌ನಲ್ಲಿ ನನ್ನ ಕಮಾಂಡ್‌ಗಳು ಓಡ್ತಿವೆ. ಆದರೆ ‘ವಿಚ್’ ಕೊಟ್ಟರೆ ಸಿಗಲ್ಲ, ಮೇಕ್ ಒಳಗಿಂದಲೂ ಸಿಗಲ್ಲ.

ಬೇರುಮಟ್ಟ

ಒಳ್ಳೇ ಉದಾಹರಣೆ. ಕೋಟ್ ಒಳಗೆ ~ ಬಿಡಿಸಲ್ಲ. ಪಾತ್ ಒಳಗೆ ~ ಅಕ್ಷರವೇ ಕೂತಿದೆ. ಬ್ಯಾಶ್ ಮಾತ್ರ ಉದಾರ ಮನಸ್ಸಿಂದ, ಕಮಾಂಡ್ ಹುಡುಕುವಾಗ ಪಾತ್ ಒಳಗಿನ ~ ಅನ್ನೂ ಬಿಡಿಸಿ ನೋಡುತ್ತೆ. ಬೇರೆ ಯಾವ ಪ್ರೋಗ್ರಾಮೂ ಹಾಗೆ ಮಾಡಲ್ಲ, ಅದಕ್ಕೇ ಟರ್ಮಿನಲ್‌ನಲ್ಲಿ ಸರಿ, ಬೇರೆ ಕಡೆ ಇಲ್ಲ. ~ ತೆಗೆದು $ಹೋಮ್ ಹಾಕಿ:

ಎಕ್ಸ್‌ಪೋರ್ಟ್ ಪಾತ್="$ಹೋಮ್/ಟೂಲ್ಸ್/ಬಿನ್:$ಪಾತ್"

ಪಾತ್‌ನ ಎಡದಿಂದ ಬಲಕ್ಕೆ ಹುಡುಕ್ತಾರೆ, ಮೊದಲು ಸಿಕ್ಕಿದ್ದೇ ಗೆಲ್ಲುತ್ತೆ. ನಿಮ್ಮದು ಮುಂದಿದ್ದರೆ ಸಿಸ್ಟಮ್‌ನ ಅದೇ ಹೆಸರಿನ ಕಮಾಂಡ್‌ನ ಮರೆ ಮಾಡುತ್ತೆ. ಯಾವುದು ಓಡ್ತಿದೆ ಅಂತ ‘ವಿಚ್’ಗಿಂತ ‘ಟೈಪ್ -ಎ ಕಮಾಂಡ್’ ಚೆನ್ನಾಗಿ ಹೇಳುತ್ತೆ, ಅಲಿಯಾಸ್, ಫಂಕ್ಷನ್ ಎಲ್ಲ ಸೇರಿಸಿ. ಫೈಲ್ ಜಾಗ ಬದಲಾಯಿಸಿದ ಮೇಲೂ ಬ್ಯಾಶ್ ಹಳೇ ಜಾಗಕ್ಕೇ ಹೋಗ್ತಿದ್ದರೆ ‘ಹ್ಯಾಶ್ -ಆರ್’ ಕೊಡಿ, ಅದು ನೆನಪಿಟ್ಟುಕೊಂಡಿರೋದನ್ನ ಅಳಿಸುತ್ತೆ.

ಬಡಗಣ

ಕೋಲನ್ ಮ್ಯಾಲೆ ಕಣ್ಣಿರ್ಲಿ. ಪಾತ್ ಶುರುವಿಗೆ, ಕೊನಿಗೆ ಸುಮ್ನ ಒಂದು ಕೋಲನ್ ಉಳಿದ್ರ, ಇಲ್ಲಾ ನಡುವ ಎರಡು ಕೋಲನ್ ಒಟ್ಟಿಗೆ ಬಂದ್ರ, ಆ ಖಾಲಿ ಜಾಗ ಅಂದ್ರ ‘ಈಗ ನಿಂತಿರೋ ಫೋಲ್ಡರ್’ ಅಂತ ಅರ್ಥ. ಯಾರರ ಕೊಟ್ಟ ಫೋಲ್ಡರ್‌ನಾಗ ‘ಎಲ್‌ಎಸ್’ ಅಂತ ಹೆಸರಿಟ್ಟ ಕೆಟ್ಟ ಸ್ಕ್ರಿಪ್ಟ್ ಇತ್ತಂದ್ರ ಅದ ಓಡಬಹುದು. ಪಾತ್ ಮೊದ್ಲ ಖಾಲಿ ಇದ್ದಾಗ "$ಪಾತ್:/ಏನೋ" ಅಂತ ಸೇರಿಸಿದ್ರ ಹಿಂಗ ಆಗತೈತಿ.

ನೀಲಿಶಾಯಿ

ಪಾತ್ ಪೂರ್ತಿ ಕೆಡಿಸಿಕೊಂಡು ಎಲ್‌ಎಸ್, ನ್ಯಾನೋ ಯಾವುದೂ ಸಿಗದಿದ್ದರೆ ಗಾಬರಿ ಬೇಡ, ಆ ಕಿಟಕಿಯಲ್ಲೇ:

ಪಾತ್=/ಯುಎಸ್‌ಆರ್/ಬಿನ್:/ಬಿನ್:/ಯುಎಸ್‌ಆರ್/ಎಸ್‌ಬಿನ್:/ಎಸ್‌ಬಿನ್

ಪಾತ್ ಆಗಲೇ ಎಕ್ಸ್‌ಪೋರ್ಟ್ ಆಗಿರೋದ್ರಿಂದ ಮತ್ತೆ ಎಕ್ಸ್‌ಪೋರ್ಟ್ ಅನ್ನೋದೂ ಬೇಡ. ಆಮೇಲೆ ಫೈಲ್ ತೆರೆದು ತಿದ್ದಿ.

ಮಂಜುಗಡ್ಡೆ

ಮ್ಯಾಕ್‌ನಲ್ಲಿ ಇದೆಲ್ಲ ಹೇಗೆ? .ಬ್ಯಾಶ್‌ಆರ್‌ಸಿಗೆ ಹಾಕಿದ್ರೆ ಏನೂ ಆಗ್ತಿಲ್ಲ.

ಎಣ್ಣೆದೀಪ

ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾದಿಂದ ಹೊಸ ಯೂಸರ್‌ಗಳಿಗೆ ಶೆಲ್ ಜೆಡ್‌ಶೆಲ್. .ಬ್ಯಾಶ್‌ಆರ್‌ಸಿಯನ್ನ ಅದು ಮೂಸಿಯೂ ನೋಡಲ್ಲ. .ಜೆಡ್‌ಪ್ರೊಫೈಲ್ ಅಥವಾ .ಜೆಡ್‌ಶೆಲ್‌ಆರ್‌ಸಿಗೆ ಹಾಕಿ. ಅಲ್ಲಿನ ಟರ್ಮಿನಲ್ ಪ್ರತಿ ಸಲ ಲಾಗಿನ್ ಶೆಲ್ಲೇ ತೆರೆಯುತ್ತೆ, ಹಾಗಾಗಿ ಎರಡೂ ಓದುತ್ತೆ.

ಪಾತ್‌ನ ಮಾತ್ರ .ಜೆಡ್‌ಶೆಲ್‌ಎನ್ವ್‌ಗೆ ಹಾಕಬೇಡಿ. ಅದನ್ನ ಓದಿದ ಮೇಲೆ /ಇಟಿಸಿ/ಜೆಡ್‌ಪ್ರೊಫೈಲ್ ಬಂದು ಪಾತ್_ಹೆಲ್ಪರ್ ಓಡಿಸುತ್ತೆ. ಅದು /ಇಟಿಸಿ/ಪಾತ್ಸ್‌ನಲ್ಲಿರೋ ಸಿಸ್ಟಮ್ ಫೋಲ್ಡರ್‌ಗಳನ್ನ ಮುಂದಕ್ಕೆ ತಂದು ನಿಮ್ಮದನ್ನ ಹಿಂದೆ ತಳ್ಳುತ್ತೆ. ಫೋಲ್ಡರ್ ಇದೆ, ಆದರೆ ಹಳೇ ಕಮಾಂಡ್ ಓಡ್ತಿದೆ ಅನ್ನೋ ದೂರಿನ ಮೂಲ ಬಹಳ ಸಲ ಇದೇ. ಜಾವಾಗೆ:

ಎಕ್ಸ್‌ಪೋರ್ಟ್ ಜಾವಾ_ಹೋಮ್="$(/ಯುಎಸ್‌ಆರ್/ಲಿಬ್‌ಎಕ್ಸೆಕ್/ಜಾವಾ_ಹೋಮ್ -ವಿ 17)"

ಕೆಂಪುಗುಂಡಿ

ವಿಷಯ ಬಂತು ಅಂತ ಕೇಳ್ತೀನಿ. ಕಾಲೇಜ್ ನೆಟ್‌ವರ್ಕ್‌ನಲ್ಲಿ ಪ್ರಾಕ್ಸಿ (ಇಂಟರ್‌ನೆಟ್‌ಗೆ ನಡುವೆ ನಿಲ್ಲೋ ಸರ್ವರ್) ಇದೆ. ಎಚ್‌ಟಿಟಿಪಿ_ಪ್ರಾಕ್ಸಿ ಎಕ್ಸ್‌ಪೋರ್ಟ್ ಮಾಡಿದ್ದೀನಿ, ಆದರೆ ‘ಸುಡು ಆಪ್ಟ್ ಅಪ್‌ಡೇಟ್’ ಅಲ್ಲೇ ನೇತಾಡುತ್ತೆ. ‘ಸುಡು ಎಕೋ $ಎಚ್‌ಟಿಟಿಪಿ_ಪ್ರಾಕ್ಸಿ’ ಕೊಟ್ಟರೆ ಸರಿಯಾಗಿ ತೋರಿಸ್ತಿದೆಯಲ್ಲ?

ಬೇರುಮಟ್ಟ

ಆ ಎಕೋ ಸುಳ್ಳು ಹೇಳ್ತಿದೆ. $ಎಚ್‌ಟಿಟಿಪಿ_ಪ್ರಾಕ್ಸಿ ಬಿಡಿಸಿದ್ದು ನಿಮ್ಮ ಶೆಲ್, ಸುಡು ಓಡೋಕೆ ಮೊದಲೇ. ಇದನ್ನ ಕೊಟ್ಟು ನೋಡಿ, ಖಾಲಿ ಬರುತ್ತೆ:

ಸುಡು ಪ್ರಿಂಟ್‌ಎನ್ವ್ ಎಚ್‌ಟಿಟಿಪಿ_ಪ್ರಾಕ್ಸಿ

ಸುಡು ಭದ್ರತೆಗಾಗಿ ಪಟ್ಟಿಯನ್ನ ಬಹುತೇಕ ಅಳಿಸಿ ಕಳಿಸುತ್ತೆ. ಸುಡೋಯರ್ಸ್ ಫೈಲ್‌ನಲ್ಲಿರೋ ಎನ್ವ್_ರೀಸೆಟ್ ಅದೇ. ಪಾತ್ ಬದಲಿಗೆ ಸೆಕ್ಯೂರ್_ಪಾತ್ ಹಾಕುತ್ತೆ, ಅದಕ್ಕೇ ನಿಮ್ಮ ಟೂಲ್ಸ್ ಫೋಲ್ಡರ್‌ನ ಕಮಾಂಡ್‌ಗಳೂ ಸುಡು ಜೊತೆ ಸಿಗಲ್ಲ. ಒಂದು ಸಲಕ್ಕೆ ಬೇಕಾದರೆ:

ಸುಡು --ಪ್ರಿಸರ್ವ್-ಎನ್ವ್=ಎಚ್‌ಟಿಟಿಪಿ_ಪ್ರಾಕ್ಸಿ,ಎಚ್‌ಟಿಟಿಪಿಎಸ್_ಪ್ರಾಕ್ಸಿ ಆಪ್ಟ್ ಅಪ್‌ಡೇಟ್

ಆಪ್ಟ್‌ಗೆ ಕಾಯಂ ಆಗಿ ಬೇಕಾದರೆ ವೇರಿಯಬಲ್ ಬಿಟ್ಟುಬಿಡಿ. /ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ ಒಳಗೆ 95ಪ್ರಾಕ್ಸಿ ಅಂತ ಫೈಲ್ ಮಾಡಿ ಈ ಸಾಲು ಹಾಕಿ, ಕೊನೆಯ ಸೆಮಿಕೋಲನ್ ಮರೀಬೇಡಿ:

ಅಕ್ವೈರ್::ಎಚ್‌ಟಿಟಿಪಿ::ಪ್ರಾಕ್ಸಿ "ಎಚ್‌ಟಿಟಿಪಿ://ಪ್ರಾಕ್ಸಿಯ-ವಿಳಾಸ:3128/";

ಅರಬ್ಬಿಕಡಲು

ಎಚ್‌ಟಿಟಿಪಿ_ಪ್ರಾಕ್ಸಿ ಸಣ್ಣಕ್ಷರದಲ್ಲೇ ಬರೆಯಿರಿ. ದೊಡ್ಡಕ್ಷರದ್ದನ್ನು ಕರ್ಲ್ (ಡೌನ್‌ಲೋಡ್ ಮಾಡುವ ಕಮಾಂಡ್) ಬೇಕಂತಲೇ ನೋಡುವುದಿಲ್ಲ. ಕಾರಣ ಉಂಟು: ವೆಬ್ ಸರ್ವರ್‌ಗಳು ಸಿಜಿಐ (ಪುಟ ತಯಾರಿಸಲು ತಾವು ಓಡಿಸುವ) ಪ್ರೋಗ್ರಾಮ್‌ಗೆ ಬಂದ ಹೆಡರ್‌ಗಳನ್ನೆಲ್ಲ ಎಚ್‌ಟಿಟಿಪಿ_ ಅಂತ ಮುಂದೆ ಸೇರಿಸಿ, ದೊಡ್ಡಕ್ಷರ ಮಾಡಿ, ಎನ್ವಿರಾನ್‌ಮೆಂಟ್‌ಗೆ ಹಾಕ್ತವೆ. ಹೊರಗಿನವನು ‘ಪ್ರಾಕ್ಸಿ’ ಅನ್ನುವ ಹೆಡರ್ ಕಳಿಸಿದರೆ ಅದೇ ಎಚ್‌ಟಿಟಿಪಿ_ಪ್ರಾಕ್ಸಿ ಆಗಿ ಕೂರ್ತದೆ. 2016ರಲ್ಲಿ ಎಚ್‌ಟಿಟಿಪಾಕ್ಸಿ ಅಂತ ಗಲಾಟೆ ಆದದ್ದು ಇದೇ ವಿಷಯಕ್ಕೆ.

ಪಾಸ್‌ವರ್ಡ್‌ನಲ್ಲಿ @ ಇದ್ದರೆ ಅದರ ಬದಲು %40 ಬರೆಯಬೇಕು, ಇಲ್ಲದಿದ್ದರೆ ವಿಳಾಸ ಎಲ್ಲಿಂದ ಶುರು ಅಂತ ತಪ್ಪು ಲೆಕ್ಕ ಆಗ್ತದೆ.

ಕಣಜ

ಪಾಸ್‌ವರ್ಡ್‌ನ ಎನ್ವಿರಾನ್‌ಮೆಂಟ್‌ನಲ್ಲಿ ಇಡೋದೇ ತಪ್ಪು. ಮೆಷಿನ್‌ನಲ್ಲಿರೋ ಯಾರು ಬೇಕಾದ್ರೂ /ಪ್ರಾಕ್ ಒಳಗೆ ನೋಡಬಹುದು.

ಬೇರುಮಟ್ಟ

ಯಾರು ಬೇಕಾದ್ರೂ ನೋಡೋಕಾಗಲ್ಲ. /ಪ್ರಾಕ್/ಪಿಐಡಿ/ಎನ್ವಿರಾನ್ ಓದೋಕೆ ಅದೇ ಯೂಸರ್ ಆಗಿರಬೇಕು, ಇಲ್ಲ ರೂಟ್. ಎಲ್ಲರಿಗೂ ಕಾಣೋದು ಕಮಾಂಡ್ ಜೊತೆ ಕೊಟ್ಟ ಆರ್ಗ್ಯುಮೆಂಟ್‌ಗಳು, ‘ಪಿಎಸ್’ ಕೊಟ್ಟರೆ ಸಾಕು. ಪಾಸ್‌ವರ್ಡ್‌ನ ಕಮಾಂಡ್ ಸಾಲಿನಲ್ಲಿ ಬರೆಯೋದಕ್ಕಿಂತ ಎನ್ವಿರಾನ್‌ಮೆಂಟ್ ಎಷ್ಟೋ ವಾಸಿ.

ನಿಜವಾದ ಅಪಾಯ ಬೇರೆ: ಆ ಶೆಲ್‌ನಿಂದ ಓಡಿಸಿದ ಪ್ರತಿಯೊಂದಕ್ಕೂ ಅದು ಹೋಗುತ್ತೆ, ಎರರ್ ಲಾಗ್‌ಗಳಲ್ಲಿ ಅಚ್ಚಾಗುತ್ತೆ, .ಬ್ಯಾಶ್‌ಆರ್‌ಸಿಯಲ್ಲಿದ್ದರೆ ಗಿಟ್‌ಗೂ ಏರುತ್ತೆ. ತಾತ್ಕಾಲಿಕ ಟೋಕನ್‌ಗೆ ಹೀಗೆ ಮಾಡಿ, ಪರದೆಯಲ್ಲೂ ಕಾಣಲ್ಲ, ಹಿಸ್ಟರಿಯಲ್ಲೂ ಉಳಿಯಲ್ಲ:

ರೀಡ್ -ಆರ್‌ಎಸ್ ಟೋಕನ್
ಎಕ್ಸ್‌ಪೋರ್ಟ್ ಟೋಕನ್

ಕೆಲಸ ಮುಗಿದ ಮೇಲೆ ‘ಅನ್‌ಸೆಟ್ ಟೋಕನ್’.

ಕಣಜ

ರೂಟ್ ನೋಡಬಹುದು ತಾನೇ. ಹಂಚಿಕೊಂಡ ಸರ್ವರ್‌ನಲ್ಲಿ ರೂಟ್ ಬೇರೆಯವರ ಕೈಯಲ್ಲಿ.

ಶೆಲ್ಲಪ್ಪ

ರೂಟ್ ಬೇರೆಯವರ ಕೈಯಲ್ಲಿದ್ರೆ ಪಾಸ್‌ವರ್ಡ್‌ನ ಎಲ್ಲಿ ಬಚ್ಚಿಟ್ರೂ ಅಷ್ಟೇ ಗುರು.

ಗುಬ್ಬಚ್ಚಿ

ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ತಾನಾಗಿ ಓಡಿಸೋದು) ಸ್ಕ್ರಿಪ್ಟ್ ಓಡಲ್ಲ, ಕೈಯಲ್ಲಿ ಓಡಿಸಿದ್ರೆ ಓಡುತ್ತೆ. ಇದೇ ಕಾರಣನಾ?

ನೀಲಿಶಾಯಿ

ಹತ್ತರಲ್ಲಿ ಒಂಬತ್ತು ಪಾಲು ಅದೇ. ಕ್ರಾನ್ ನಿಮ್ಮ .ಪ್ರೊಫೈಲೂ ಓದಲ್ಲ, .ಬ್ಯಾಶ್‌ಆರ್‌ಸಿಯೂ ಓದಲ್ಲ. ಅದರ ಶೆಲ್ /ಬಿನ್/ಎಸ್‌ಎಚ್, ಪಾತ್ ಬರೀ /ಯುಎಸ್‌ಆರ್/ಬಿನ್:/ಬಿನ್. ಅದರ ಕೈಗೆ ಏನು ಸಿಗ್ತಿದೆ ಅಂತ ನೋಡೋಕೆ ಒಂದು ನಿಮಿಷಕ್ಕೆ ಈ ಸಾಲು ಹಾಕಿ, ನೋಡಿ, ತೆಗೆದುಬಿಡಿ:

* * * * * ಎನ್ವ್ > /ಟಿಎಂಪಿ/ಕ್ರಾನ್‌ಎನ್ವ್

ಬೇಕಾದ್ದನ್ನ ಕ್ರಾನ್‌ಟ್ಯಾಬ್ ಮೇಲ್ಭಾಗದಲ್ಲಿ ಹೆಸರು=ವ್ಯಾಲ್ಯೂ ಅಂತ ಬರೆಯಬಹುದು. ಆದರೆ ಅಲ್ಲಿ $ಪಾತ್, $ಹೋಮ್ ಬಿಡಿಸಲ್ಲ, ಪೂರ್ತಿ ಬರೀಬೇಕು. ಕಮಾಂಡ್‌ನಲ್ಲಿ % ಇದ್ದರೆ ಅದಕ್ಕೆ ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕಿ, ಇಲ್ಲದಿದ್ದರೆ ಕ್ರಾನ್ ಅದನ್ನ ಹೊಸ ಸಾಲು ಅಂದ್ಕೊಳ್ಳುತ್ತೆ. ‘ಡೇಟ್ +%ಎಫ್’ ಇರೋ ಬ್ಯಾಕಪ್ ಸಾಲುಗಳು ಕೆಡೋದು ಇದಕ್ಕೇ.

ಬಡಗಣ

ಸಿಸ್ಟಮ್‌ಡಿ ಸರ್ವಿಸ್ ಇದ್ರ ‘ಸುಡು ಸಿಸ್ಟಮ್‌ಸಿಟಿಎಲ್ ಎಡಿಟ್ ಸರ್ವಿಸ್‌ಹೆಸರು’ ಕೊಟ್ಟು, [ಸರ್ವಿಸ್] ಕೆಳಗ ಎನ್ವಿರಾನ್‌ಮೆಂಟ್="ಹೆಸರು=ವ್ಯಾಲ್ಯೂ" ಅಂತ ಹಾಕಿ ರಿಸ್ಟಾರ್ಟ್ ಮಾಡ್ರಿ. ಅಲ್ಲೂ ಡಾಲರ್ ನಡಿಯಂಗಿಲ್ಲ. ಬಾಳ ಇದ್ರ ಎನ್ವಿರಾನ್‌ಮೆಂಟ್‌ಫೈಲ್=/ಪೂರ್ತಿ/ದಾರಿ ಅಂತ ಒಂದು ಫೈಲ್ ತೋರಸ್ರಿ.

ಕೊಡೆ

ಎಲ್ಲರೂ ಜಾವಾ, ಪಾತ್ ಅಂತೀರಿ. ಕನ್ನಡದವರು ಮೊದಲು ಸೆಟ್ ಮಾಡಬೇಕಾದ ವೇರಿಯಬಲ್, ಭಾಷೆ ಯಾವುದು ಅಂತ ಹೇಳೋ ಲ್ಯಾಂಗ್! ಟರ್ಮಿನಲ್ ತಾರೀಕು ಕನ್ನಡದಲ್ಲಿ ಬರೋ ಹಾಗೆ:

ಸುಡು ಲೋಕೇಲ್-ಜೆನ್ ಕೆಎನ್_ಐಎನ್
ಎಲ್‌ಸಿ_ಟೈಮ್=ಕೆಎನ್_ಐಎನ್ ಡೇಟ್

ಕೆಎನ್ ಸಣ್ಣಕ್ಷರ, ಐಎನ್ ದೊಡ್ಡಕ್ಷರ. ಎರಡನೇ ಸಾಲಿನ ಹಾಗೆ ಕಮಾಂಡ್ ಮುಂದೆಯೇ ಬರೆದರೆ ಆ ಒಂದು ಕಮಾಂಡ್‌ಗೆ ಮಾತ್ರ ಅನ್ವಯ, ಶೆಲ್‌ನಲ್ಲಿ ಏನೂ ಉಳಿಯಲ್ಲ.

ಶೆಲ್ಲಪ್ಪ

ಅಭಿಮಾನ ಸರಿ, ಆದರೆ ಬಹಳಷ್ಟು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿ. ಎರರ್ ಮೆಸೇಜ್ ಕನ್ನಡದಲ್ಲಿ ಬಂದ್ರೆ ನೆಟ್‌ನಲ್ಲಿ ಹುಡುಕಿದ್ರೂ ಏನೂ ಸಿಗಲ್ಲ.

ಕೊಡೆ

ಅದಕ್ಕೇ ಬೇರೆ ಬೇರೆ ವೇರಿಯಬಲ್ ಇರೋದು. ಎಲ್‌ಸಿ_ಟೈಮ್ ಕನ್ನಡ, ಎಲ್‌ಸಿ_ಮೆಸೇಜಸ್ ಇಂಗ್ಲಿಷ್ ಇಟ್ಕೊಳ್ಳಿ. ಮೆಸೇಜ್ ಕನ್ನಡದಲ್ಲೇ ಇಟ್ಟವರೂ ಹುಡುಕಬೇಕಾದಾಗ ಅದೇ ಕಮಾಂಡ್ ಮುಂದೆ ಎಲ್‌ಸಿ_ಆಲ್=ಸಿ ಸೇರಿಸಿ ಇನ್ನೊಮ್ಮೆ ಓಡಿಸಿದ್ರೆ ಇಂಗ್ಲಿಷ್ ಎರರ್ ಬರುತ್ತೆ.

ಎಣ್ಣೆದೀಪ

ಆದರೆ ಎಲ್‌ಸಿ_ಆಲ್‌ನ .ಪ್ರೊಫೈಲ್‌ನಲ್ಲಿ ಕಾಯಂ ಮಾಡಬೇಡಿ. ಅದು ಎಲ್ಲದರ ಮೇಲೂ ಕೂರುತ್ತೆ: ಮೊದಲು ಎಲ್‌ಸಿ_ಆಲ್, ಅದಿಲ್ಲದಿದ್ದರೆ ಆಯಾ ಎಲ್‌ಸಿ_, ಅದೂ ಇಲ್ಲದಿದ್ದರೆ ಲ್ಯಾಂಗ್. ‘ಲೋಕೇಲ್’ ಅಂತ ಬರೀ ಕಮಾಂಡ್ ಕೊಟ್ಟರೆ ಈಗ ಏನೇನಿದೆ ಅಂತ ಪಟ್ಟಿ ಬರುತ್ತೆ.

ಇನ್ನೊಂದು ಬಾಧೆ: ಉಬುಂಟು, ಡೆಬಿಯನ್‌ಗಳ ಎಸ್‌ಎಸ್‌ಎಚ್ ತಾನಾಗಿ ಲ್ಯಾಂಗ್, ಎಲ್‌ಸಿ_ಗಳನ್ನ ಆಚೆ ಸರ್ವರ್‌ಗೂ ಕಳಿಸುತ್ತೆ. ಅಲ್ಲಿ ಕನ್ನಡ ಲೋಕೇಲ್ (ಭಾಷೆ, ಪ್ರದೇಶದ ಸೆಟ್ಟಿಂಗ್) ಹಾಕಿಲ್ಲದಿದ್ದರೆ ಪರ್ಲ್ ಪ್ರತಿ ಸಲ ‘ಸೆಟ್ಟಿಂಗ್ ಲೋಕೇಲ್ ಫೇಲ್ಡ್’ ಅಂತ ಗೊಣಗುತ್ತೆ. ಅಲ್ಲಿ ಲೋಕೇಲ್ ಹಾಕಿಸಿ, ಆಗದಿದ್ದರೆ ನಿಮ್ಮ ಕಡೆಯ /ಇಟಿಸಿ/ಎಸ್‌ಎಸ್‌ಎಚ್/ಎಸ್‌ಎಸ್‌ಎಚ್_ಕಾನ್ಫಿಗ್‌ನಲ್ಲಿ ಸೆಂಡ್‌ಎನ್ವ್ ಸಾಲಿನ ಶುರುವಿಗೆ # ಹಾಕಿ.

ಮಂಜುಗಡ್ಡೆ

ಈ ಎಕ್ಸ್‌ಪೋರ್ಟ್ ಕಾಟ ಕಂಡುಹಿಡಿದೋರು ಯಾರಪ್ಪಾ.

ಬೇರುಮಟ್ಟ

ಬೆಲ್ ಲ್ಯಾಬ್ಸ್. 1979ರ ಯುನಿಕ್ಸ್ ಏಳನೇ ಆವೃತ್ತಿ, ಸ್ಟೀಫನ್ ಬೋರ್ನ್ ಅವರ ಶೆಲ್ ಜೊತೆಗೆ. ಕಾಟ ಅನ್ನಬೇಡಿ, ಅದಿಲ್ಲದಿದ್ರೆ ಪ್ರತಿ ಕಮಾಂಡ್‌ಗೂ ಇಪ್ಪತ್ತು ಆಪ್ಷನ್ ಟೈಪ್ ಮಾಡ್ತಾ ಕೂರಬೇಕಿತ್ತು.

ಗುಬ್ಬಚ್ಚಿ

ಡಬ್ಲ್ಯೂಎಸ್‌ಎಲ್‌ನಲ್ಲಿ (ವಿಂಡೋಸ್ ಒಳಗೆ ಓಡೋ ಲಿನಕ್ಸ್) ಒಂದು ವಿಚಿತ್ರ. .ಎನ್ವ್ ಫೈಲ್ ವಿಂಡೋಸ್ ಕಡೆಯಿಂದ ಕಾಪಿ ಮಾಡಿ ಚುಕ್ಕೆ ಹಾಕಿ ಓದಿಸಿದೆ. ಎಕೋ ಸರಿಯಾಗಿ ತೋರಿಸುತ್ತೆ, ಪ್ರೋಗ್ರಾಮ್ ಮಾತ್ರ ‘ಅಂಥ ಫೋಲ್ಡರ್ ಇಲ್ಲ’ ಅನ್ನುತ್ತೆ.

ನೀಲಿಶಾಯಿ

‘ಕ್ಯಾಟ್ -ಎ .ಎನ್ವ್’ ಕೊಡಿ, ಎ ದೊಡ್ಡಕ್ಷರ. ಸಾಲಿನ ತುದಿಯಲ್ಲಿ ^ಎಂ$ ಕಾಣುತ್ತೆ. ವಿಂಡೋಸ್ ಸಾಲಿನ ಕೊನೆಗೆ ಇಡೋ ಕ್ಯಾರೇಜ್ ರಿಟರ್ನ್ ಅಕ್ಷರ ನಿಮ್ಮ ವ್ಯಾಲ್ಯೂ ಒಳಗೆ ಸೇರಿದೆ, ಕಣ್ಣಿಗೆ ಕಾಣಲ್ಲ. ತೆಗೆಯೋಕೆ ‘ಡಾಸ್2ಯುನಿಕ್ಸ್ .ಎನ್ವ್’. ಆ ಫೈಲ್‌ನಲ್ಲಿ ಎಕ್ಸ್‌ಪೋರ್ಟ್ ಪದ ಇಲ್ಲದಿದ್ದರೆ ಹೀಗೆ ಓದಿಸಿ, ನಡುವೆ ಸೆಟ್ ಆದದ್ದೆಲ್ಲ ತಾನಾಗಿ ಎಕ್ಸ್‌ಪೋರ್ಟ್ ಆಗುತ್ತೆ:

ಸೆಟ್ -ಎ
. ./.ಎನ್ವ್
ಸೆಟ್ +ಎ

ಇಲ್ಲಿನ ಎ ಸಣ್ಣಕ್ಷರ.

ಹೊಸಹಾದಿ

ಪಾತ್ ಸರಿ ಹೋಯ್ತು. ಕೊನೇ ಪ್ರಶ್ನೆ: ಈಗಾಗಲೇ ಓಡ್ತಿರೋ ಎಕ್ಲಿಪ್ಸ್‌ಗೆ ಯಾವ ಜಾವಾ_ಹೋಮ್ ಸಿಕ್ಕಿದೆ ಅಂತ ಹೊರಗಿಂದ ನೋಡೋಕಾಗುತ್ತಾ?

ಬೇರುಮಟ್ಟ

ಆಗುತ್ತೆ. ‘ಪಿಗ್ರೆಪ್ -ಎಎಫ್ ಎಕ್ಲಿಪ್ಸ್’ ಕೊಟ್ಟು ನಂಬರ್ ತಗೊಳ್ಳಿ, 4312 ಅಂದ್ಕೊಳ್ಳೋಣ:

ಟಿಆರ್ '\0' '\ಎನ್' < /ಪ್ರಾಕ್/4312/ಎನ್ವಿರಾನ್ | ಗ್ರೆಪ್ ಜಾವಾ

ಇದು ಶುರುವಾದಾಗ ಕೈಗೆ ಬಂದ ಪಟ್ಟಿ. ಆಮೇಲೆ ಪ್ರೋಗ್ರಾಮ್ ತನ್ನೊಳಗೆ ಬದಲಾಯಿಸಿಕೊಂಡಿದ್ದು ಸಾಮಾನ್ಯವಾಗಿ ಇಲ್ಲಿ ಕಾಣಲ್ಲ.

ಕಣಜ

ಎರಡು ನಂಬರ್ ಬಂದ್ರೆ ಎರಡನ್ನೂ ನೋಡಿ. ಎಕ್ಲಿಪ್ಸ್ ಲಾಂಚರ್ ಒಂದು, ಅದು ಶುರು ಮಾಡಿದ ಜಾವಾ ಇನ್ನೊಂದು.